ಬೂದಿ ಕೋಳಿ ಮತ್ತೆ ಕಾವಿಗೆ ಬಂದಿದೆ

ಜಗಳೂರು,
17 ನವೆಂಬರ್ 2024, ಭಾನುವಾರ ಮಧ್ಯಾಹ್ನ

ನಮ್ಮ ಕಾವ್ಯಶ್ರೀಯ ಅಪ್ಪನಿಗೆ, ಜ್ಯೋತಿಯ ನಮಸ್ಕಾರ.

ಮೊದಲು ನಿಮ್ಮ ಕೆಮ್ಮು ಹೇಗಿದೆ ತಿಳಿಸಿ. ಹೋದ ಸಲ ನಾವು ನೋಡಲು ಬಂದಾಗ ಮುಖ ಆ ಕಡೆ ತಿರುಗಿಸಿಕೊಂಡು ಕೆಮ್ಮಿದಿರಿ. ಅತ್ತೆ ಕೇಳಿದ್ದಕ್ಕೆ ಧೂಳು ಎಂದಿರಿ. ಜೈಲಿನೊಳಗೆ ಅಷ್ಟು ಧೂಳು ಎಲ್ಲಿಂದ ಬರುತ್ತದೆ ಎಂದು ಬಸ್ಸಿನಲ್ಲಿ ಬರುವ ತನಕ ಯೋಚಿಸಿದೆ. ಅಲ್ಲಿಯ ಡಾಕ್ಟರಿಗೆ ತೋರಿಸಿ, ಸಂಕೋಚ ಬೇಡ. ನೀವು ಅಲ್ಲಿ ಫ್ಯಾನುಗಳನ್ನು ರಿಪೇರಿ ಮಾಡಿಕೊಡುತ್ತಿದ್ದೀರಿ ಎಂದು ಓಬಳಪ್ಪ ಮಾವ ವಕೀಲರ ಕಡೆಯಿಂದ ತಿಳಿದುಕೊಂಡು ಬಂದು ಹೇಳಿದರು. ಕೇಳಿ ಸಮಾಧಾನವಾಯಿತು. ಕೈಗೆ ಕೆಲಸವಿಲ್ಲದಿದ್ದರೆ ನೀವು ಎಂಥವರಾಗುತ್ತೀರಿ ಎಂದು ನನಗೆ ಗೊತ್ತಲ್ಲ. ಮೋಟಾರ್ ಅಂಗಡಿಗೆ ರಜೆ ಇದ್ದ ದಿನ ಚೆನ್ನಾಗಿ ಓಡುತ್ತಿದ್ದ ನಮ್ಮ ಮಿಕ್ಸಿಯನ್ನು ಸುಮ್ಮನೆ ಬಿಚ್ಚಿ ಕೂರುತ್ತಿದ್ದಿರಿ. ಅದು ಈಗಲೂ ಒಂದು ಸ್ಕ್ರೂ ಕಡಿಮೆಯಲ್ಲೇ ಓಡುತ್ತಿದೆ.

ಕಾವ್ಯಶ್ರೀ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ. ಎಲ್ಲ ಮಕ್ಕಳಂತೆ ಅದನ್ನು ಮಾಡಿನ ಮೇಲೆ ಎಸೆದಳು, ಎಸೆದ ಮೇಲೆ ಅಪ್ಪನಿಗೆ ತೋರಿಸಲು ಏನೂ ಉಳಿಯಲಿಲ್ಲವಲ್ಲ ಎಂದು ಅತ್ತಳು. ನೀವು ಕರೆಂಟಿನ ಕೆಲಸಕ್ಕೆ ದೂರ ಹೋಗಿದ್ದೀರಿ ಎಂದು ನಾವು ಹೇಳುತ್ತೇವೆ. ಅವಳು ನಂಬಿದವಳಂತೆ ತಲೆಯಾಡಿಸುತ್ತಾಳೆ. ಎರಡು ಕಡೆಗೂ ಅದರಿಂದ ಅನುಕೂಲವಾಗಿದೆ. ಅತ್ತೆಗೆ ಚಳಿ ಬಿದ್ದ ಮೇಲೆ ಮಂಡಿ ನೋವು ಹೆಚ್ಚು. ಹಿತ್ತಲಿಗೆ ಇಳಿಯುವುದಿಲ್ಲ. ಅದಕ್ಕೆ ಮಂಡಿಯೇ ಕಾರಣವೆಂದು ಅವರೂ ನಾನೂ ಮಾತಾಡಿಕೊಳ್ಳುತ್ತೇವೆ.

ಈಗಿನ ಕಾಲದಲ್ಲಿ ಕಾಗದ ಏಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ಜೈಲಿನಿಂದ ನೀವು ಫೋನು ಮಾಡಿದಾಗ ಅದು ಅತ್ತೆಯ ಕೈಯಲ್ಲಿರುತ್ತದೆ, ನನ್ನ ಕೈಗೆ ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ನೋಡಲು ಬಂದರೆ ಜಾಲರಿಯ ಆಚೆ ಈಚೆ ನಿಂತು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ನನ್ನ ಪಕ್ಕದಲ್ಲಿ ಅತ್ತೆ, ಅವರ ಪಕ್ಕದಲ್ಲಿ ಅವರ ತಮ್ಮ ಓಬಳಪ್ಪ ಮಾವ. ನಾನು ಕೂಗಿ ಮಾತಾಡುವವಳಲ್ಲ. ಕಾಗದ ಒಡೆದು ಓದಿಯೇ ಕೊಡುತ್ತಾರೆ ಎಂದು ಒಮ್ಮೆ ಹೇಳಿದ್ದಿರಿ. ಓದಲಿ. ನಾನು ಬರೆಯುತ್ತಿರುವುದು ಕೋಳಿಯ ವಿಷಯ.

ಹೋದ ಸಲ ಗಂಟೆ ಬಾರಿಸಿ ಎಲ್ಲರನ್ನೂ ಹೊರಡಿಸುವಾಗ ನೀವು ಕೊನೆಗೆ ಕೂಗಿದ್ದು ಎರಡು ಮಾತು. ಒಂದು, 'ಕೋಳಿ ಎಲ್ಲಾ ಚೆನ್ನಾಗವಾ?' ಎಂದು. ಪಕ್ಕದಲ್ಲಿದ್ದ ಪೊಲೀಸಿನವನು ನಕ್ಕ. ಇನ್ನೊಂದು, 'ನಿನಗೇನೂ ಕೇಳ್ಸಿಲ್ಲ ಅನ್ನು ಜ್ಯೋತಿ, ಅಷ್ಟ್ ಅಂದ್ರೆ ಸಾಕು' ಎಂದು. ನಾಳೆಯದು ಬಿಟ್ಟು ಮುಂದಿನ ಸೋಮವಾರ ದಾವಣಗೆರೆಯ ಕೋರ್ಟಿನಲ್ಲಿ ನನ್ನ ಸಾಕ್ಷಿ. ನಿಮ್ಮ ಎರಡು ಮಾತಿಗೂ ಉತ್ತರ ಕೊಡಬೇಕು. ಮೊದಲನೆಯದು ಸುಲಭ.

ಕೋಳಿಗಳು ಚೆನ್ನಾಗಿವೆ. ಪೊಲೀಸರು ನಿಮ್ಮ ತಂತಿಯ ಜೊತೆಗೆ ಗೂಡನ್ನೂ ಕಿತ್ತುಕೊಂಡು ಹೋದ ಮೇಲೆ ಕೆಲವು ದಿನ ಬೇವಿನ ಮರದ ಮೇಲೆ ಕೂರುತ್ತಿದ್ದವು. ಆಮೇಲೆ ನಾನೇ ಒಂದು ಗೂಡು ಕಟ್ಟಿದೆ. ಮುಂಗುಸಿ ಅಡಿಯಿಂದ ತೋಡಿಕೊಂಡು ಬರದಂತೆ ನೆಲಕ್ಕೆ ಕಡಪ ಕಲ್ಲಿನ ಚೂರುಗಳನ್ನು ಹಾಸಿ ಸಿಮೆಂಟು ಮೆತ್ತಿದೆ. ಸುತ್ತಲೂ ಬೆರಳು ತೂರದಷ್ಟು ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ. ಮೇಲೆ ತಗಡು, ತಗಡಿನ ಮೇಲೆ ಕಲ್ಲು. ಬಾಗಿಲಿಗೆ ಚಿಲಕ; ಕಾಡುಬೆಕ್ಕು ಚಿಲಕವನ್ನು ಎಳೆದು ತೆಗೆಯದಂತೆ ಅದಕ್ಕೊಂದು ಕೊಂಡಿ. ಹೊತ್ತು ಮುಳುಗುವ ಮೊದಲೇ ಒಳಗೆ ಕೂಡುತ್ತೇನೆ. ಆವತ್ತಿನಿಂದ ಒಂದು ಮರಿಯೂ ಹೋಗಿಲ್ಲ. ಇದನ್ನು ಬರೆಯಲೋ ಬೇಡವೋ ಎಂದು ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಸಣ್ಣ ಕಣ್ಣಿನ ಜಾಲರಿ, ಹೊತ್ತಿಗೆ ಸರಿಯಾಗಿ ಹಾಕಿದ ಬಾಗಿಲು. ಇಷ್ಟೇ ಸಾಕಾಗಿತ್ತು ಎಂದು ಗೊತ್ತಾದ ಮೇಲೆ ನಿಮಗೆ ಅಲ್ಲಿ ನಿದ್ದೆ ಹೇಗೆ ಬರುತ್ತದೆ? ಆದರೆ ನೀವೇ ಕೇಳಿದಿರಿ, ಅದಕ್ಕೆ ಬರೆದೆ.

ಆಗ ನಮಗೆ ತಿಳಿಯಲಿಲ್ಲ. ಮೊದಲು ಮರಿಗಳನ್ನು ಎತ್ತಿಕೊಂಡು ಹೋದದ್ದು ಹದ್ದು. ನೀವು ಹಳೆಯ ಕ್ಯಾಸೆಟ್ಟುಗಳ ರೀಲು ಬಿಚ್ಚಿ ಬೇವಿನ ಮರದಿಂದ ಗೋಡೆಯವರೆಗೆ ಎಳೆದು ಕಟ್ಟಿದಿರಿ. ಗಾಳಿ ಬಂದರೆ ಅದು ಮಿಂಚುತ್ತಾ ಗುಂಯ್‌ಗುಡುತ್ತಿತ್ತು. ಗೋಡೆಯ ಆಚೆಯಿಂದ ದ್ಯಾಮಮ್ಮ ಇಣುಕಿ, 'ಏನಪ್ಪಾ ಕೆಂಚೇಶ, ಕೋಳಿಗೆ ಮದುವೆ ಚಪ್ಪರ ಹಾಕೀಯೇನು? ಊಟಕ್ಕೆ ನಮ್ಮನೂ ಕರಿ ಮತ್ತೆ' ಎಂದು ನಕ್ಕಿದ್ದರು. ನಮ್ಮ ಕೆಂಪು ಹುಂಜ ದಿನಾ ಗೋಡೆ ಹಾರಿ ಅವರ ಕೋಳಿಗಳ ಹತ್ತಿರ ಹೋಗುತ್ತಿತ್ತಲ್ಲ, ಅದಕ್ಕೆ ಅವರು ಅಳಿಯ ಎಂದೇ ಹೆಸರಿಟ್ಟಿದ್ದರು. 'ಅಳಿಯ ಬಂದಾನೆ ಕಣೇ ಚೈತ್ರಾ, ಒಂದ್ ಹಿಡಿ ಜೋಳ ಹಾಕು, ಬರಿ ಹೊಟ್ಟೇಲಿ ಕಳಿಸ್ಬ್ಯಾಡ' ಎಂದು ಮಗಳಿಗೆ ಹೇಳುವುದು ನನಗೆ ಅಡುಗೆಮನೆಗೇ ಕೇಳುತ್ತಿತ್ತು. ಗಂಡ ತೀರಿದ ಮೇಲೆ ಆ ಹೆಂಗಸು ಒಬ್ಬಳೇ ಮಗಳನ್ನು ಸಾಕಿದಳು, ಆದರೂ ನಗು ಬಿಟ್ಟವಳಲ್ಲ. ಅತ್ತೆಗೂ ಅವರಿಗೂ ಎಲೆಅಡಿಕೆ ಚೀಲ ಒಂದೇ ಇತ್ತು. ಒಂದು ದಿನ ಈ ಮನೆಯಲ್ಲಿ, ಒಂದು ದಿನ ಆ ಮನೆಯಲ್ಲಿ.

ಹದ್ದಾದ ಮೇಲೆ ಮುಂಗುಸಿ. ಅದು ಹಾಡುಹಗಲೇ ಬರುತ್ತಿತ್ತು. ಅದಾದ ಮೇಲೆ ಕಾಡುಬೆಕ್ಕು. ನಮ್ಮ ಹಳೆಯ ಗೂಡಿನ ಜಾಲರಿಯ ಕಣ್ಣು ದೊಡ್ಡದು. ಅದು ಕೋಳಿಯನ್ನು ಒಳಗೆ ಇಡುತ್ತಿತ್ತು, ಬೆಕ್ಕಿನ ಕೈಯನ್ನು ಹೊರಗೆ ಇಡುತ್ತಿರಲಿಲ್ಲ. ಕಾವ್ಯಶ್ರೀ ಕೈಯಲ್ಲಿ ಕಾಳು ತಿನ್ನುತ್ತಿದ್ದ ಬಿಳಿ ಕೋಳಿ ಒಂದು ಬೆಳಿಗ್ಗೆ ಜಾಲರಿಗೆ ಒರಗಿಕೊಂಡು ಕೂತೇ ಇತ್ತು, ತಲೆ ಮಾತ್ರ ಇರಲಿಲ್ಲ. ಅವಳು ಅದನ್ನು ನೋಡಿ ಕೂಗಿದ ಕೂಗಿಗೆ ನೀವು ಹಲ್ಲುಜ್ಜುತ್ತಿದ್ದವರು ಹಾಗೇ ಓಡಿ ಬಂದಿರಿ. ಆಮೇಲೆ ಓಣಿಯ ನಲ್ಲಿಯ ಹತ್ತಿರ, ಎಲ್ಲರೂ ಕೊಡ ಹಿಡಿದು ಸಾಲಾಗಿ ನಿಂತಿದ್ದಾಗ, 'ಇನ್ನೊಂದ್ಸಲ ನನ್ ಕೋಳಿ ತಂಟೆಗೆ ಯಾರೇ ಬರ್ಲಿ, ಸುಟ್ ಹಾಕ್ತೀನಿ' ಎಂದು ಕೂಗಿದಿರಿ. ಬೆಕ್ಕಿಗೆ ಅಂದದ್ದು. ಆದರೆ ಅದರ ಹಿಂದಿನ ವಾರವೇ ದ್ಯಾಮಮ್ಮನ ನಾಯಿ ನಮ್ಮ ಮರಿ ಕಚ್ಚಿತೆಂದು ನೀವು ಅವರ ಬಾಗಿಲಿಗೆ ಹೋಗಿ ಜಗಳ ಮಾಡಿದ್ದನ್ನು ಎಲ್ಲರೂ ನೋಡಿದ್ದರು. ಆ ದಿನ ನಲ್ಲಿಯ ಹತ್ತಿರ ದ್ಯಾಮಮ್ಮ ಕೊಡ ಎತ್ತಿ ಸೊಂಟಕ್ಕಿಡುತ್ತಾ, 'ಸುಡಪ್ಪಾ ಸುಡು, ಮೊದ್ಲು ಬಾಯಾಗಿನ ಬೀಡಿ ಸುಟ್ಟು ಮುಗ್ಸು' ಎಂದರು. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ಪೊಲೀಸರ ಕಾಗದದಲ್ಲಿ ನಿಮ್ಮ ಮಾತು ಹಾಗೇ ಇದೆ. ದ್ಯಾಮಮ್ಮನ ಮಾತೂ ಇಲ್ಲ, ನಗುವೂ ಇಲ್ಲ. ಜಾಮೀನು ಸಿಗದಿರುವುದಕ್ಕೆ ಆ ಒಂದು ಮಾತೇ ಕಾರಣ ಎಂದು ವಕೀಲರು ಹೇಳುತ್ತಾರೆ.

ಗೂಡಿಗೆ ಕರೆಂಟಿನ ತಂತಿ ಕಟ್ಟಿದ ದಿನ ನಾನು ಬೇಡ ಅಂದಿದ್ದೆ. ನೀವು ಸಿಟ್ಟಾಗಲಿಲ್ಲ, ಪಾಠ ಹೇಳುವವರಂತೆ ವಿವರಿಸಿದಿರಿ. ನಡುವೆ ಒಂದು ಬಲ್ಬು ಸೇರಿಸಿದ್ದೇನೆ, ಪೂರ್ತಿ ಕರೆಂಟು ಬರುವುದಿಲ್ಲ, ಬೆಕ್ಕಿಗೆ ಜುಮ್ ಎಂದರೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದಿರಿ. ನನ್ನ ಹೆದರಿಕೆ ಬಿಡಿಸಲು ನೀವೇ ತಂತಿ ಮುಟ್ಟಿ ತೋರಿಸಿದಿರಿ. ರಬ್ಬರಿನ ಚಪ್ಪಲಿ ಹಾಕಿಕೊಂಡಿದ್ದಿರಿ, ನೆಲ ಒಣಗಿತ್ತು. ದಿನವಿಡೀ ಮೋಟಾರುಗಳ ಜೊತೆ ಇರುವ ಮನುಷ್ಯ ಹೇಳಿದ ಮೇಲೆ ನಾನು ಏನು ಹೇಳಲಿ? ನಾವೆಲ್ಲ ಮಲಗುವಾಗ ಸ್ವಿಚ್ ಹಾಕುವುದು, ಬೆಳಕು ಹರಿಯುವಾಗ ತೆಗೆಯುವುದು ಎಂದು ಮಾತಾಯಿತು. ಹೋದ ವರ್ಷದ ಬೇಸಿಗೆಯೆಲ್ಲ ಹಾಗೇ ನಡೆಯಿತು. ಬೆಕ್ಕು ಬರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಬೂದಿ ಕೋಳಿ ಕಾವಿಗೆ ಬಂತು. ನಮ್ಮ ಓಣಿಯಲ್ಲಿ ಕಾವಿಗೆ ಕೂತ ಕೋಳಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ವಕೀಲರಿಗೆ ಹೇಳಬೇಕಾಯಿತು. ಅದು ಬಾಣಂತಿ ಇದ್ದ ಹಾಗೆ ಸಾರ್ ಎಂದೆ. ಹಗಲಿನಲ್ಲಿ ಜಾಗ ಬದಲಿಸಿದರೆ ಕಾವು ಬಿಟ್ಟು ಓಡುತ್ತದೆ. ಅದಕ್ಕೇ ಯಾರಿಗಾದರೂ ಕಾವಿನ ಕೋಳಿ ಬೇಕಾದರೆ ಹಗಲು ಕೇಳಿಟ್ಟು, ಕತ್ತಲಾದ ಮೇಲೆ ಬಂದು, ಚಪ್ಪಲಿ ಬಿಟ್ಟು, ದೀಪ ಹಚ್ಚದೆ, ಬಾಯಿ ಬಿಡದೆ ಎತ್ತಿಕೊಂಡು ಹೋಗುತ್ತಾರೆ. ಕೊಟ್ಟವರು ಹಿತ್ತಲಿನ ಬಲ್ಬು ಆರಿಸಿ ಒಳಗೆ ಇದ್ದುಬಿಡುತ್ತಾರೆ, ಹೊರಗೆ ಬಂದು ಮಾತಾಡಿಸುವುದಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ಕೋಳಿ ತಾನು ಮೊದಲಿನಿಂದ ಅಲ್ಲೇ ಇದ್ದೆ ಅಂದುಕೊಳ್ಳಬೇಕು. ವಕೀಲರು ಕನ್ನಡಕ ತೆಗೆದು ಕೇಳಿಸಿಕೊಂಡರು. ಕೊನೆಗೆ, 'ಕತ್ತಲಲ್ಲಿ, ಬರಿಗಾಲಲ್ಲಿ, ಸದ್ದಿಲ್ಲದೆ ಇನ್ನೊಬ್ಬರ ಹಿತ್ತಲಿಗೆ ಬಂದರು. ಇದಕ್ಕೆ ಕೋರ್ಟಿನಲ್ಲಿ ಬೇರೆ ಹೆಸರಿದೆ ಕಣಮ್ಮ, ಅದೇ ನಮಗೆ ಅನುಕೂಲ' ಎಂದರು.

ಆ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ನೀವು ಅಂಗಡಿಗೆ ಹೋಗಿಯಾಗಿತ್ತು, ಚೈತ್ರಾ ತನ್ನ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಗೋಡೆಯ ಆಚೆಯಿಂದ ದ್ಯಾಮಮ್ಮ, 'ಉಡಚಕ್ಕಾ, ಮೊಟ್ಟೆ ಕೂಡಿಟ್ಟೀನಿ, ಕೂರ್ಸಾಕೆ ಕೋಳಿ ಇಲ್ಲ ನೋಡು' ಎಂದರು. ಅತ್ತೆ, 'ನಮ್ ಬೂದಿ ಕೋಳಿ ಕಾವಿಗೆ ಬಂದೈತೆ, ಕತ್ತಲಾದ ಮ್ಯಾಲೆ ಬಂದು ಎತ್ಕಂಡ್ ಹೋಗು. ನಿನ್ ಅಳಿಯನ ಮಕ್ಳೇ ಅಲ್ವೇನೇ, ನಮ್ ಕೋಳೀನೇ ಕಾವು ಕೊಡ್ಲಿ' ಎಂದರು. ಇಬ್ಬರೂ ನಕ್ಕರು. ನಾನೂ ನಕ್ಕೆ. ಸಂಜೆಯವರೆಗೆ ಹನಿ ಹಾಕುತ್ತಲೇ ಇತ್ತು. ನೀವು ಬಂದಿರಿ. ಹಿಂದಿನ ದಿನ ಸಂಜೆಗತ್ತಲಲ್ಲೇ ಬೆಕ್ಕಿನ ಹೆಜ್ಜೆ ಕಂಡಿದ್ದಿರಿ, ಅದಕ್ಕೇ ಯಾರಿಗೂ ಹೇಳದೆ ಹೊತ್ತಿಗೆ ಮೊದಲೇ ಸ್ವಿಚ್ ಹಾಕಿದಿರಿ. ನಾನು ರೊಟ್ಟಿ ತಟ್ಟುತ್ತಿದ್ದೆ. ಆ ಟಕ್ ಎಂಬ ಸದ್ದು ನನ್ನ ಬೆನ್ನ ಹಿಂದೆಯೇ ಆಯಿತು. ಬೆಳಗಿನ ಮಾತನ್ನು ಕೇಳಿದ್ದೂ ಈ ಕಿವಿ, ಆ ಸದ್ದನ್ನು ಕೇಳಿದ್ದೂ ಈ ಕಿವಿ. ಅತ್ತೆ ಪಡಸಾಲೆಯಲ್ಲಿದ್ದರು, ಅವರಿಗೆ ಸ್ವಿಚ್ಚಿನ ವಿಷಯ ಗೊತ್ತಿಲ್ಲ. ನಿಮಗೆ ದ್ಯಾಮಮ್ಮ ಬರುವ ವಿಷಯ ಗೊತ್ತಿಲ್ಲ. ಎರಡೂ ಗೊತ್ತಿದ್ದವಳ ಕೈಯಲ್ಲಿ ಹಿಟ್ಟಿತ್ತು.

ತಂತಿ ತಾಗಿ ದ್ಯಾಮಮ್ಮ ಹೋದ ಮೇಲೆ ಪೊಲೀಸರು ಬಂದಾಗ ಅತ್ತೆ, 'ನಾವ್ಯಾರೂ ಕರ್ದಿಲ್ಲ, ಅವ್ಳು ಯಾಕ್ ಬಂದ್ಲೋ ಗೊತ್ತಿಲ್ಲ' ಎಂದುಬಿಟ್ಟರು. ಆ ಗಳಿಗೆಯಲ್ಲಿ ಯಾವ ತಾಯಿಯ ಬಾಯಿಂದಲೂ ಅದೇ ಮಾತು ಬರುತ್ತಿತ್ತು, ನಾನು ಅದನ್ನು ತಪ್ಪು ಎನ್ನುವುದಿಲ್ಲ. ಪೊಲೀಸರು ನನ್ನ ಕಡೆ ತಿರುಗಿದಾಗ ನಾನು ಒಳಗಿದ್ದೆ ಎಂದೆ. ಅದು ಸುಳ್ಳಲ್ಲ. ಆದರೆ ಈಗ ಅತ್ತೆಯ ಆ ಒಂದು ಮಾತಿನ ಮೇಲೆಯೇ ವಕೀಲರು ಎಲ್ಲವನ್ನೂ ಕಟ್ಟಿದ್ದಾರೆ. ಕರೆಯದೆ ಬಂದವಳು, ಕೋಳಿ ಕದಿಯಲು ಬಂದವಳು. ನೀವು ಬೆಕ್ಕಿಗೆ ಕಟ್ಟಿದ ತಂತಿ. ಯಾರಾದರೂ ಬರುತ್ತಾರೆಂದು ನಿಮಗೆ ಕನಸೂ ಇಲ್ಲ. ಹೀಗಾದರೆ ಶಿಕ್ಷೆ ಬಹಳ ಕಡಿಮೆಯಾಗುತ್ತದೆ, ಇಷ್ಟು ದಿನ ಒಳಗಿದ್ದದ್ದೇ ಸಾಕಾದರೂ ಆಗಬಹುದು ಎನ್ನುತ್ತಾರೆ. ಮನೆಯವರೇ ಕರೆದಿದ್ದರು ಎಂದು ನಾನು ಬಾಯಿ ಬಿಟ್ಟರೆ, ಸರ್ಕಾರಿ ವಕೀಲರು ನಲ್ಲಿಯ ಹತ್ತಿರದ ನಿಮ್ಮ ಮಾತನ್ನು ಅದಕ್ಕೆ ಜೋಡಿಸಿ, ಕರೆದು ಕೊಂದರು ಎನ್ನುತ್ತಾರಂತೆ. ಕಾವ್ಯಶ್ರೀ ಅಪ್ಪನಿಗೆ ಗೊತ್ತಿರಲಿಲ್ಲ ಎಂದೂ ಹೇಳುತ್ತೇನಲ್ಲ ಸಾರ್ ಎಂದೆ. 'ಹೇಳು. ಹೆಂಡತಿ ಹೇಳಿದ್ದರಲ್ಲಿ ಗಂಡನಿಗೆ ಕೆಡುಕಾಗುವ ಅರ್ಧವನ್ನು ನಂಬುತ್ತಾರೆ, ಒಳ್ಳೆಯದಾಗುವ ಅರ್ಧವನ್ನು ಬಿಡುತ್ತಾರೆ' ಎಂದರು. ಓಬಳಪ್ಪ ಮಾವ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಸಿ, 'ಸತ್ತೋಳು ಬರಾಕಿಲ್ಲ, ಇರೋನ್ನ ಕರ್ಕಂಬಾ ತಾಯಿ' ಎಂದರು. ಅತ್ತೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು, 'ನೀ ಕೇಳಿಲ್ಲ. ಕೇಳಿದ್ರೂ ಕೇಳಿಲ್ಲ. ನನ್ ಮಗ ಮನೆಗೆ ಬರ್ಲಿ, ಆಮ್ಯಾಲೆ ದ್ಯಾಮಿಗೆ ನಾನು ಅಲ್ಲಿ ಹೋಗಿ ಉತ್ತರ ಕೊಡ್ತೀನಿ' ಎಂದರು. ಅಲ್ಲಿ ಎಂದರೆ ಎಲ್ಲಿ ಎಂದು ನಾನು ಕೇಳಲಿಲ್ಲ.

ಕಳ್ಳಿ ಎಂಬ ಮಾತು ಈಗ ಗೋಡೆಯ ಆಚೆಗೂ ಹೋಗಿದೆ. ಕೋಳಿ ಸಾಕಿದ ಯಾರಿಗೂ ಅದು ನಂಬುವ ಮಾತಲ್ಲ. ಕದಿಯಲು ಬಂದವಳಾಗಿದ್ದರೆ ಗೂಡಿನ ಬಾಗಿಲಲ್ಲೇ ಕೊಬ್ಬಿದ ಹುಂಜ ಇತ್ತು. ದ್ಯಾಮಮ್ಮ ಬಿದ್ದದ್ದು ಮೂಲೆಯ ಬುಟ್ಟಿಯ ಹತ್ತಿರ, ಕಾವಿಗೆ ಕೂತು ಎಲುಬಷ್ಟೇ ಉಳಿದ ಕೋಳಿಯ ಹತ್ತಿರ. ಅದನ್ನು ಯಾರು ಕದಿಯುತ್ತಾರೆ? ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ನಮ್ಮ ಮುಖ ನೋಡಿ ಸುಮ್ಮನಿದ್ದಾರೆ. ಅವರು ಒಳ್ಳೆಯವರು, ನಿಮ್ಮನ್ನು ಇಷ್ಟಪಡುವವರು. ಹೋದ ತಿಂಗಳು ಸಂತೇಬೆನ್ನೂರಿನ ಕಡೆಯವರು ಚೈತ್ರಾಳನ್ನು ನೋಡಲು ಬಂದಿದ್ದರು. ಹುಡುಗಿ ಒಪ್ಪಿಗೆಯಾಗಿ ಮಂಡಕ್ಕಿ ತಿಂದು ಕೂತಿದ್ದವರು, ಹೊರಡುವಾಗ ಬೀದಿಯಲ್ಲಿ ಯಾರನ್ನೋ ವಿಚಾರಿಸಿದ್ದಾರೆ. 'ಕೋಳಿ ಕದಿಯಾಕೆ ಹೋಗಿ ಸತ್ತೋಳ ಮಗಳಾ?' ಎಂದು ಕೇಳಿಕೊಂಡು ಹೋದರಂತೆ, ಮತ್ತೆ ಬರಲಿಲ್ಲ. ಅದಾದ ಮೇಲೆ ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನಾನು, ಚೈತ್ರಾ ಇಬ್ಬರೇ ಇದ್ದೆವು. ಅಷ್ಟು ದಿನ ನನ್ನ ಕೊಡದ ಪಕ್ಕದಲ್ಲಿ ತನ್ನ ಕೊಡ ಇಡದವಳು ಆ ದಿನ ಇಟ್ಟಳು. 'ಅಕ್ಕಾ, ನಮ್ಮವ್ವ ಬುಟ್ಟೀಲಿ ಹೊಟ್ಟು ಹಾಕಿ ಮೊಟ್ಟೆ ಜೋಡ್ಸಿಟ್ಟಿದ್ಲು, ಸಿಡಿಲು ತಾಗಬಾರದು ಅಂತ ಇದ್ದಿಲ ಚೂರೂ ಇಟ್ಟಿದ್ಲು. ಕದ್ದು ತರೋ ಕೋಳಿಗೆ ಯಾರಾದ್ರೂ ಹಂಗೆ ಜಾಗ ಮಾಡ್ತಾರಾ?' ಎಂದಳು. ನಿಮ್ಮ ಗಂಡ ಕೊಂದ ಎನ್ನಲಿಲ್ಲ. ಅಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ನೀರು ತುಂಬಿ ಚೆಲ್ಲುತ್ತಿತ್ತು, ನಾನು ಕೊಡ ಎತ್ತಿಕೊಂಡು ಬಂದೆ.

ಕಳೆದ ಗುರುವಾರ ಇನ್ನೊಂದು ನಡೆಯಿತು, ಅದನ್ನೂ ಬರೆಯುತ್ತೇನೆ. ಕಾವ್ಯಶ್ರೀ ಶಾಲೆಯಿಂದ ಬರುವುದು ತಡವಾಗಿ, ಅವಳನ್ನು ಕರೆತಂದು ಗಡಿಬಿಡಿಯಲ್ಲಿ ಕೋಳಿಗಳನ್ನು ಕೂಡಿ ಬಾಗಿಲು ಹಾಕಿದೆ. ಕೊಂಡಿ ಸಿಕ್ಕಿಸಿ ತಿರುಗುವಷ್ಟರಲ್ಲಿ ಒಳಗೆ ಗಲಾಟೆ ಎದ್ದಿತು. ಇಣುಕಿದರೆ, ಬಾಗಿಲು ತೆರೆದಿದ್ದಾಗಲೇ ಕಾಡುಬೆಕ್ಕು ಒಳಗೆ ನುಸುಳಿ ಕೂತಿದೆ. ನನ್ನ ಗೂಡು ಅಷ್ಟು ಚೆನ್ನಾಗಿದೆ, ಅದಕ್ಕೆ ಹೊರಗೆ ಬರಲು ಒಂದು ಸಂದೂ ಇಲ್ಲ. ಬಾಗಿಲು ತೆಗೆದರೆ ಕೋಳಿಯನ್ನು ಕಚ್ಚಿಕೊಂಡೇ ಹೋಗುತ್ತದೆ, ತೆಗೆಯದಿದ್ದರೆ ಎಲ್ಲವನ್ನೂ ಮುಗಿಸುತ್ತದೆ. ಕೊಂಡಿಯ ಮೇಲೆ ಕೈಯಿಟ್ಟು ನಿಂತೆ, ಕೈ ಯಾವ ಕಡೆಗೂ ಹೋಗಲಿಲ್ಲ. ಆಮೇಲೆ ನೋಡಿದೆ, ಬೆಕ್ಕು ಕೋಳಿಗಳ ಕಡೆ ನೋಡುತ್ತಲೇ ಇರಲಿಲ್ಲ. ಜಾಲರಿಗೆ ಮೂತಿ ತಿಕ್ಕುತ್ತಾ ಮೂಲೆಯಿಂದ ಮೂಲೆಗೆ ಓಡುತ್ತಿತ್ತು, ಮೂತಿಯಿಂದ ರಕ್ತ ಬರುತ್ತಿತ್ತು. ಸಿಕ್ಕಿಬಿದ್ದ ಮೇಲೆ ಅದಕ್ಕೆ ಕೋಳಿ ಬೇಕಾಗಿರಲಿಲ್ಲ, ಬಾಗಿಲು ಬೇಕಾಗಿತ್ತು. ನಾನು ಬಾಗಿಲು ತೆಗೆದೆ. ಕಾಲಿಗೆ ತಾಗಿಕೊಂಡೇ ಹೋಯಿತು. ಕೋಳಿಗಳಿಗೆ ಏನೂ ಆಗಿರಲಿಲ್ಲ. ಅಷ್ಟೆಲ್ಲ ಗಲಾಟೆಯಲ್ಲೂ ಮೂಲೆಯಲ್ಲಿ ಒಂದು ಮಾತ್ರ ಎದ್ದಿರಲಿಲ್ಲ, ರೆಕ್ಕೆ ಹರಡಿಕೊಂಡು ಬರಿ ನೆಲದ ಮೇಲೆ ಕೂತೇ ಇತ್ತು. ಬೂದಿ ಕೋಳಿ. ಮತ್ತೆ ಕಾವಿಗೆ ಬಂದಿದೆ ಎಂದು ನನಗೆ ಗೊತ್ತಾದದ್ದು ಹಾಗೆ.

ದ್ಯಾಮಮ್ಮ ಹೋದ ದಿನದಿಂದ ನಮ್ಮ ಹಿತ್ತಲಿನ ಬಲ್ಬನ್ನು ಅತ್ತೆ ಆರಿಸಲು ಬಿಟ್ಟಿಲ್ಲ. ರಾತ್ರಿಯಿಡೀ ಉರಿಯುತ್ತದೆ, ಕೆಲವು ಸಲ ಹಗಲೂ ಉರಿಯುತ್ತದೆ. ನಾನು ಆರಿಸಿದರೆ ಎದ್ದು ಹೋಗಿ ಹಾಕುತ್ತಾರೆ, ಮಂಡಿ ನೋವಿದ್ದರೂ. ಕೋಳಿಗಳೂ ಪಾಪ ಅದಕ್ಕೆ ಒಗ್ಗಿವೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಕಾವ್ಯಶ್ರೀ ಪಕ್ಕದಲ್ಲಿ ಕೂತು ತನ್ನ ಹೆಸರನ್ನೂ ಬರೆಯಬೇಕೆಂದು ಹಟ ಮಾಡುತ್ತಿದ್ದಾಳೆ, ಕೆಳಗೆ ಜಾಗ ಬಿಟ್ಟಿದ್ದೇನೆ. ನಿಮ್ಮ ಜೊತೆಗಿರುವ ಹಿರಿಯರಿಗೆ, ಆ ನ್ಯಾಮತಿ ಕಡೆಯವರಿಗೆ, ನಿಮ್ಮನ್ನು ನೋಡಿಕೊಳ್ಳುತ್ತಿರುವುದಕ್ಕೆ ನನ್ನ ನಮಸ್ಕಾರ ಹೇಳಿ. ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಊಟ ಬಿಡಬೇಡಿ, ತಣ್ಣೀರು ಕುಡಿಯಬೇಡಿ.

ನಿಮ್ಮ
ಜ್ಯೋತಿಲಕ್ಷ್ಮಿ
ಕಾವ್ಯಶ್ರೀ ಕೆ.

ಸೋಮವಾರ ಬೆಳಿಗ್ಗೆ. ಅಂಟಿಸಿದ್ದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರಗಳು ಓಡುತ್ತಿವೆ, ಕ್ಷಮಿಸಿ. ನಿನ್ನೆ ಕತ್ತಲಾದ ಮೇಲೆ ಬೂದಿ ಕೋಳಿಯನ್ನು ಚೈತ್ರಾಳ ಮನೆಗೆ ಒಯ್ದೆ. ನಾನು ಮೆಟ್ಟಿಲ ಮೇಲೆ ಚಪ್ಪಲಿ ಬಿಡುವುದನ್ನು ಅತ್ತೆ ಪಡಸಾಲೆಯಿಂದ ನೋಡಿದರು. ಬೈಯುತ್ತಾರೆ ಎಂದು ನಿಂತೆ. ಅವರು ಗೋಡೆ ಹಿಡಿದುಕೊಂಡು ಎದ್ದು ಬಂದರು. ಹಿತ್ತಲಿನ ಬಲ್ಬು ಆರಿಸಿ ಒಳಗೆ ಹೋದರು. ಗೋಡೆಯ ಆಚೆ ಚೈತ್ರಾ ನನ್ನನ್ನು ನೋಡಿ, ಒಳಗಿನಿಂದ ಅವರವ್ವನ ಅದೇ ಬುಟ್ಟಿ ತಂದಳು. ನಾನು ಕೋಳಿಯನ್ನು ಎತ್ತಿ ಹಿಡಿದುಕೊಂಡೆ, ಅವಳು ಒಂದೊಂದೇ ಮೊಟ್ಟೆ ಇಟ್ಟಳು. ಮಾತಾಡಬಾರದಲ್ಲ, ಅದು ನಮ್ಮಿಬ್ಬರಿಗೂ ಒಳ್ಳೆಯದಾಯಿತು. ಕೋಳಿ ಕೂತಿತು, ಬೆಳಿಗ್ಗೆಯೂ ಕೂತಿದೆ.

ಬರುವ ಸೋಮವಾರ ನನಗೆ ಕೇಳಿಸಿದ್ದನ್ನು ಹೇಳುತ್ತೇನೆ. ದ್ಯಾಮಮ್ಮನನ್ನು ನಾವು ಕರೆದಿದ್ದೆವು. ನಿಮಗೆ ಅದು ಗೊತ್ತಿರಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇನೆ, ಅರ್ಧ ಮಾಡಲು ಬಿಡುವುದಿಲ್ಲ. ಆದರೂ ಅರ್ಧ ಮಾಡಿದರೆ, ನೀವು ಬರುವುದು ಇನ್ನೂ ಎಷ್ಟೋ ವರ್ಷ ತಡವಾಗುತ್ತದೆ, ನಾನು ಕಾಯುತ್ತೇನೆ. ನಿಮಗೆ ಇದು ಕೋರ್ಟಿನಲ್ಲಿ ಗೊತ್ತಾಗುವುದು ಬೇಡ, ಅದಕ್ಕೆ ಮೊದಲೇ ಗೊತ್ತಾಗಲಿ ಎಂದು ಬರೆದೆ. ಒಂದೇ ಬೇಡಿಕೆ: ನಾನು ಹೇಳಿ ಮುಗಿಸುವ ತನಕ ನನ್ನ ಕಡೆ ನೋಡಬೇಡಿ. ನೀವು ನೋಡಿದರೆ ನನಗೇನೂ ಕೇಳಿಸಿಲ್ಲ ಎಂದುಬಿಡುತ್ತೇನೆ.